ಸಿಂಧನೂರಿನ ಅಂಗಡಿಯಲ್ಲಿ ನಾನು ಎದ್ದು ನಿಂತದ್ದು

ಮೊಮ್ಮಕ್ಕಳೇ, ಸಿಂಧನೂರಿನ ಅಂಗಡಿಯಲ್ಲಿ ಆಯಿ ಏನು ಮಾಡಿದಳು ಎಂಬುದನ್ನು ನೀವು ಮನೆಗೆ ಬಂದವರ ಮುಂದೆಲ್ಲ ಹೇಳಿ ನಗುತ್ತೀರಿ. ನಗಬೇಡಿ ಎನ್ನಲಾರೆ, ನೋಡಿದವರಿಗೆ ನಗು ಬರುವಂಥದ್ದೇ ಅದು. ಆದರೆ ನೀವು ಹೇಳುವಾಗ ನಾನು ಒಲೆಯ ಕಡೆ ಮುಖ ಮಾಡಿ ಕೂತಿರುತ್ತೇನೆ. ಬಾಯಿಬಿಟ್ಟು ಹೇಳುವುದು ನನ್ನಿಂದ ಆಗುವುದಿಲ್ಲ. ಊರ ಶಾಲೆಯಲ್ಲಿ ಕಲಿತ ಅಕ್ಷರದಲ್ಲಿ ಬರೆದಿಡುತ್ತೇನೆ.

ದೊಡ್ಡ ಟೀವಿ ಬಂದ ಮೇಲೆ ಅದರ ದನಿ ಸಾಲದು ಎಂದು ನಿಮ್ಮವ್ವ ಹೇಳತೊಡಗಿದ್ದಳು. ವಾರವೆಲ್ಲ ಹೊಲಿಗೆ ಮಷೀನಿನ ಮುಂದೆ ಬೆನ್ನು ಬಗ್ಗಿಸಿ ಕೂಡುವ ನನ್ನ ಸೊಸೆಗೆ ರವಿವಾರದ ಒಂದು ಸಿನಿಮಾ ಬಿಟ್ಟರೆ ಬೇರೆ ಖುಷಿ ಇರಲಿಲ್ಲ. ಅದೇ ಹೊತ್ತಿಗೆ ನಿಮ್ಮಲ್ಲಿ ದೊಡ್ಡಾಕೆ, ತೀರಿಹೋದ ನಿಮ್ಮ ತಾತನ ಭಜನೆಯ ಹಳೇ ಕ್ಯಾಸೆಟ್ ಒಂದನ್ನು ಮೊಬೈಲಿಗೆ ಹಾಕಿಸಿಕೊಂಡು ಬಂದಳು. ಅದರಲ್ಲಿ ಹಾಡುವವರ ದನಿ ಕೇಳುತ್ತಿತ್ತು, ತಾಳ ಕೇಳುತ್ತಿತ್ತು. ತಬಲಾ ಜೋಡಿಯಲ್ಲಿ ತಾತ ಎಡಗೈಯಿಂದ ಬಾರಿಸಿದ ಡಗ್ಗಾ ಮಾತ್ರ ಇಲ್ಲವೇ ಇಲ್ಲ.

"ತಾತ ಎಲ್ಲಿ ಅದಾನ ಇದರಾಗ?" ಎಂದು ಸಣ್ಣಾಕೆ ಕೇಳಿದಳು.

"ಮೊಬೈಲಿನ್ಯಾಗ ದಪ್ಪ ದನಿ ಬರೂದಿಲ್ಲವಾ. ಅದಕ್ಕ ವೂಫರ್ ಬೇಕು," ಅಂದ ನಿಮ್ಮಪ್ಪ. ಹೀಗೆ ಸಿನಿಮಾಕ್ಕೂ ತಾತನಿಗೂ ಸೇರಿ ಒಂದೇ ಡಬ್ಬಿ ತರುವುದೆಂದು ನಿಶ್ಚಯವಾಯಿತು.

ಇಲ್ಲಿ ಮಸ್ಕಿಯಲ್ಲೇ, ನಾವು ಮೊದಲಿದ್ದ ಮನೆಯ ಅಡುಗೆಕೋಣೆಗೂ ತಾತನ ಭಜನೆ ನಡೆಯುತ್ತಿದ್ದ ಮಠಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ. ಭಜನೆಗೆ ಹೋಗಿ ಕೂಡುವ ಹೆಂಗಸರೂ ಇದ್ದರು. ನನಗೆ ನಾಚಿಕೆ, ಗೋಡೆಗೆ ಬೆನ್ನು ಹಚ್ಚಿ ಅಕ್ಕಿ ಆರಿಸುತ್ತ ಕೂತಿರುತ್ತಿದ್ದೆ. ಆ ದಪ್ಪ ಗೋಡೆ ದಾಟಿ ಹಾಡಿನ ಮಾತು ಬರುತ್ತಿರಲಿಲ್ಲ, ಹಾರ್ಮೋನಿಯಂ ಪೇಟಿಯ ದನಿಯೂ ಬರುತ್ತಿರಲಿಲ್ಲ. ಬರುತ್ತಿದ್ದುದು ತಾತನ ಎಡಗೈ ಒಂದೇ. ಅದು ಕಿವಿಗಿಂತ ಮೊದಲು ಬೆನ್ನಿಗೆ ತಿಳಿಯುತ್ತಿತ್ತು. ಮಂಗಳ ಹಾಡಿ ಮುಗಿಸುವಾಗ ಅವರು ಅಂಗೈ ಒತ್ತಿ ಒಂದು ಪೆಟ್ಟನ್ನು 'ಗುಂಯ್' ಎಂದು ಉದ್ದಕ್ಕೆ ಎಳೆಯುತ್ತಿದ್ದರು. ಅದು ಕೇಳಿದೊಡನೆ ನಾನು ಏಳುತ್ತಿದ್ದೆ. ತಲೆಯ ಮೇಲೆ ಸೆರಗು ಎಳೆದುಕೊಂಡು, ಕಾಲು ತೊಳೆಯುವ ನೀರಿನ ಚಂಬು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವರು ಚಪ್ಪಲಿ ಬಿಡುವಷ್ಟರಲ್ಲಿ ನೀರು ಕೈಗೆ ಸಿಗುತ್ತಿತ್ತು. ಚಲೋ ಬಾರಿಸಿದಿರಿ ಎಂದು ಅಂದವಳಲ್ಲ. ಅವರೂ ಕೇಳಿದವರಲ್ಲ.

ಮೊದಲು ಲಿಂಗಸುಗೂರಿಗೆ ಹೋದೆವು. ನಿಮ್ಮಪ್ಪ, ನಿಮ್ಮವ್ವ, ಮೊಬೈಲ್ ಹಿಡಿದ ದೊಡ್ಡಾಕೆ, ನಾನು. ಅಲ್ಲಿಯ ವೂಫರ್ ನಮ್ಮ ಹಿಟ್ಟಿನ ಡಬ್ಬಿಗಿಂತ ದೊಡ್ಡದು. ಸಿನಿಮಾದಲ್ಲಿ ಒಂದು ಕಟ್ಟಡ ಬೀಳುವುದನ್ನು ಹಚ್ಚಿ ತೋರಿಸಿದರು. ಕಪಾಟಿನ ಗಾಜು ಅದುರಿತು. ನಿಮ್ಮವ್ವ ಎದೆಯ ಮೇಲೆ ಕೈ ಇಟ್ಟುಕೊಂಡು ಸಣ್ಣ ಹುಡುಗಿಯ ಹಾಗೆ ನಕ್ಕಳು. "ಎದಿ ಝಲ್ ಅಂತೈತಿ ನೋಡ್ರೀ ಅತ್ತಿ!"

ಆಮೇಲೆ ಭಜನೆ ಹಚ್ಚಿದರು. ಡಗ್ಗಾ ಬಂತು, ಆದರೆ ಅಕ್ಕಿ ಮಿಲ್ಲಿನಲ್ಲಿ ಲಾರಿಯಿಂದ ಚೀಲ ಒಗೆದಂತೆ ಬಂತು. ಒಂದು ಪೆಟ್ಟು ಮುಗಿಯುವ ಮೊದಲೇ ಅದರ ಮೇಲೆ ಇನ್ನೊಂದು ಬೀಳುತ್ತಿತ್ತು. ಹಾಡು ಯಾವಾಗ ಮುಗಿಯಿತೋ ನನಗೆ ತಿಳಿಯಲಿಲ್ಲ.

"ಹೆಂಗೈತಿ ಯವ್ವಾ?" ನಿಮ್ಮಪ್ಪ ಕೇಳಿದ.

"ಚಲೋ ಐತಿ," ಅಂದೆ. ಏನು ಕೇಳಿದರೂ ನಾನು ಅನ್ನುವುದು ಅದನ್ನೇ.

"ಅಮ್ಮಾರು ಒಪ್ಪಿದ್ರಲ್ಲ, ಕಟ್ಟಿಸ್ಲೇನ್ರಿ?" ಅಂದ ಅಂಗಡಿಯವ.

"ಸಿಂಧನೂರಾಗೂ ಒಂದು ನೋಡಿ ಬರ್ತೀವ್ರಿ," ಅಂದ ನಿಮ್ಮಪ್ಪ.

"ನೋಡಿ ಬರ್ರಿ. ತಿರುಗಿ ಇಲ್ಲಿಗೇ ಬರ್ತೀರಿ."

ಬಸ್ಸು ಮಸ್ಕಿ ದಾಟುವಾಗ ನಿಮ್ಮವ್ವ ಆ ದೊಡ್ಡ ಡಬ್ಬಿಯನ್ನು ಎಲ್ಲಿ ಇಡಬೇಕೆಂದು ಆಗಲೇ ಜಾಗ ಗೊತ್ತು ಮಾಡಿದ್ದಳು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ನಿಮ್ಮಪ್ಪ ಲಿಂಗಸುಗೂರಿನ ಡಬ್ಬಿಯ ಸಂಗತಿ ಹೇಳಿದ ಮೇಲೆ ಸಿಂಧನೂರಿನ ಅಂಗಡಿಯ ಸಾಹೇಬರು ತೋರಿಸಿದ್ದು ಸಣ್ಣ ಡಬ್ಬಿ. "ಸುಳ್ಳ್ಯಾಕ ಹೇಳ್ಲಿ, ಸಿನಿಮಾಕ್ಕ ನೀವು ನೋಡಿದ್ದಽ ಜಬರ್ದಸ್ತ್ ಇರ್ತದ. ಹಾಡಿಗೆ ಇದು ಬೇಷ್. ದನಿ ಬರ್ತದ, ಲಗೂನ ನಿಂದರ್ತದ, ಒಂದರ ಮ್ಯಾಲೆ ಒಂದು ಬೀಳೂದಿಲ್ಲ," ಅಂದರು. ಅಂಥದ್ದೇ ಒಂದು ಸಿನಿಮಾ ಹಚ್ಚಿದರು. ನಿಮ್ಮವ್ವನ ಮುಖ ಸಣ್ಣದಾಯಿತು. "ಬಾಂಬ್ ಬಿದ್ರೂ ಮುದುಕಪ್ಪ ಕೆಮ್ಮಿದಂಗ ಕೇಳ್ತೈತಲ್ರೀ ಇದು!" ಅಂದಳು. ಸಾಹೇಬರೂ ನಕ್ಕರು.

ಆಮೇಲೆ ದೊಡ್ಡಾಕೆ ಭಜನೆ ಹಚ್ಚಿದಳು. ನನ್ನ ಕುರ್ಚಿ ಗೋಡೆಗೆ ಆತುಕೊಂಡಿತ್ತು. ದನಿ ಬೆನ್ನಿಗೆ ಬಂತು. ಒಂದೊಂದು ಪೆಟ್ಟೂ ಬೇರೆ ಬೇರೆ. ಬೆರಳು ಎಲ್ಲಿ, ಅಂಗೈ ಎಲ್ಲಿ, ಎಲ್ಲ ತಿಳಿಯುತ್ತಿತ್ತು. ಮುಂದಿನದು ನನಗೆ ನೆಟ್ಟಗೆ ನೆನಪಿಲ್ಲ. ಮಂಗಳ ಮುಗಿದು 'ಗುಂಯ್' ಎಂದಿರಬೇಕು. ನಾನು ಎದ್ದಿದ್ದೆ. ತಲೆಯ ಮೇಲೆ ಸೆರಗು ಬಂದಿತ್ತು. ಸಾಹೇಬರ ಮೇಜಿನ ಮೇಲಿದ್ದ ಸ್ಟೀಲಿನ ಜಗ್ಗು ಎತ್ತಿಕೊಂಡು, ಅಷ್ಟು ಗಂಡಸರ ನಡುವೆ ಹಾದು, ಅಂಗಡಿಯ ಬಾಗಿಲಲ್ಲಿ ನಿಂತಿದ್ದೆ.

ಒಳಗೆ ಬರುತ್ತಿದ್ದ ಯಾರೋ ಒಬ್ಬರು ತಡೆದು ನಿಂತರು. "ನನಗೇನ್ರೀ ಅಮ್ಮಾ?" ಅಂದು ಬೊಗಸೆ ಒಡ್ಡಿದರು. ಹಾಕಿದೆ. ಅವರು ಕುಡಿದು ಮುಖ ಎತ್ತಿದಾಗ ನನಗೆ ಎಚ್ಚರವಾಯಿತು. "ಮುದುಕಿಗೆ ಅರಳು ಮರಳ ಆಗ್ಯಾವಲೇ," ಎಂದು ಹಿಂದೆ ಒಬ್ಬ ಇನ್ನೊಬ್ಬನಿಗೆ ಹೇಳಿ ನಗುತ್ತಿದ್ದ. ನಿಮ್ಮಪ್ಪ ನೆಲ ನೋಡುತ್ತಿದ್ದ. ಸಣ್ಣವನಿದ್ದಾಗ ನಾನು ಹಾಗೆ ನಿಲ್ಲುವುದನ್ನು ಅವನು ದಿನಾ ನೋಡಿದವನು. ಜಗ್ಗು ಎಲ್ಲಿ ಇಡಬೇಕೆಂದು ತಿಳಿಯದೆ ಎದೆಗೆ ಅವಚಿಕೊಂಡೆ. ಸೆರಗೆಲ್ಲ ತೊಯ್ದಿತು.

ನಿಮ್ಮವ್ವ ಬಂದು ಜಗ್ಗು ಇಸಿದುಕೊಂಡಳು. "ಏನಾತ್ರೀ ಅತ್ತಿ?"

"ಮುಗೀತಲ್ಲ... ಬರ್ತಾರ ಅನಿಸ್ತವಾ," ಅಂದೆ. ಅವಳಿಗೆ ಮಾತ್ರ ಕೇಳಿಸಿತು.

ಅವಳು ಜಗ್ಗನ್ನು ಸಾಹೇಬರ ಮೇಜಿನ ಮೇಲೆ ತಿರುಗಿ ಇಟ್ಟಳು. ಆಮೇಲೆ ನಿಮ್ಮಪ್ಪನ ಕಡೆ ತಿರುಗಿ, "ಇದನ್ನಽ ಕಟ್ಟಿಸ್ರಿ," ಅಂದಳು.

"ಲಿಂಗಸುಗೂರಿಂದು ಬೇಕಂದಿದ್ದಿಯಲ್ಲ?"

"ಬ್ಯಾಡ. ಸಿನಿಮಾ ಕಣ್ಣಿಲೆ ನೋಡಿದ್ರ ಸಾಕು."

ನಾನು ಅಂದ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಅದಕ್ಕೇ ದೊಡ್ಡಾಕೆ ಕಂಡಷ್ಟನ್ನು ಹೇಳಿದಳು, ನಿಮಗೆ ಅಷ್ಟೇ ಗೊತ್ತು.

ಅಂಗಡಿಯಲ್ಲಿ ನಕ್ಕವರ ಮಾತು ಈಗ ಅಷ್ಟು ಚುಚ್ಚುವುದಿಲ್ಲ. ರವಿವಾರ ಸಿನಿಮಾ ನಡೆದಾಗ ಚುಚ್ಚುತ್ತದೆ. ಎಲ್ಲಾದರೂ ಗುಡ್ಡ ಕುಸಿದರೆ, ವಿಮಾನ ಬಿದ್ದರೆ ನಮ್ಮ ಡಬ್ಬಿ ಕೆಮ್ಮುತ್ತದೆ. "ಯವ್ವಾ, ದಮ್ಮೇ ಇಲ್ಲ ಇದರಾಗ," ಎಂದು ನೀವು ಗೊಣಗುತ್ತೀರಿ. "ಸುಮ್ನ ನೋಡ್ರಿ," ಅನ್ನುತ್ತಾಳೆ ನಿಮ್ಮವ್ವ, ನನ್ನ ಕಡೆ ತಿರುಗದೆ. ನಾನು ಕೂತಲ್ಲೇ ಮುದುಡಿಹೋಗುತ್ತೇನೆ. ನನಗೆ ಇದು ಬೇಕು ಎಂದು ಬಾಯಿಬಿಟ್ಟು ಕೇಳಿದ್ದರೆ, ಬ್ಯಾಡ್ರೀ ಅತ್ತಿ ಎನ್ನಲು ಅವಳಿಗೆ ದಾರಿ ಇರುತ್ತಿತ್ತು. ನೀರು ಹಿಡಿದು ನಿಂತ ಮುದುಕಿಗೆ ಅವಳು ಏನು ಅನ್ನಬೇಕಿತ್ತು? ಅವಳಿಗಿದ್ದ ಒಂದು ಖುಷಿಯನ್ನು ನಾನು ಹಾಗೆ ತೆಗೆದುಕೊಂಡೆ.

ಆದ್ದರಿಂದ ದಮ್ ಇಲ್ಲ ಎಂದು ಅವಳ ಮುಂದೆ ಅನ್ನಬೇಡಿ. ಅನ್ನಲೇಬೇಕಿದ್ದರೆ ನನ್ನ ಮುಂದೆ ಅನ್ನಿರಿ. ತಾತನ ಹಾಡು ಹಚ್ಚಿದಾಗ, ಮಂಗಳ ಬರುವ ಹೊತ್ತಿಗೆ ನನ್ನನ್ನು ಹುಡುಕಬೇಡಿ. ಅಷ್ಟರಲ್ಲಿ ನಾನು ಅಡುಗೆಮನೆಗೆ ಹೋಗಿ, ಕೈ ಮತ್ತೆ ಚಂಬಿಗೆ ಹೋಗದಿರಲೆಂದು ನೀರಿನ ಕೊಡಕ್ಕೆ ಬೆನ್ನು ಮಾಡಿ ನಿಂತಿರುತ್ತೇನೆ.