ಗ್ಲೂಕೋಸ್ ಕಂಬಕ್ಕೆ ಹೇಳಿದ ಮಾತು

ಸಿಂಚನಾ, ಮಧೂ, ಇವತ್ತು ಬೆಳಿಗ್ಗೆ ಪರೀಕ್ಷೆಗೆ ರಕ್ತ ತೆಗೆಯಲು ಬಂದ ಹುಡುಗಿ ನನ್ನ ತೋಳಿಗೆ ಸ್ಪಿರಿಟ್ಟಿನ ಹತ್ತಿ ಒತ್ತಿದಳು. ಆ ವಾಸನೆಗೆ ನಿಮ್ಮ ತಾತ ನೆನಪಾದರು. ಬೇರೆಯವರಿಗೆ ಗಂಡ ಮಲ್ಲಿಗೆಯ ವಾಸನೆಗೆ ನೆನಪಾಗುತ್ತಾರಂತೆ. ನನ್ನ ಹಣೆಬರಹ ಹೀಗೆ.

ತಾತನಿಗೆ ಹೊಟ್ಟೆ ಕೊಯ್ದು ಪಿತ್ತಕೋಶದ ಕಲ್ಲು ತೆಗೆದಿದ್ದರು. ಮಾರನೆಯ ದಿನ ನರ್ಸಮ್ಮ ಬಂದು, "ಯಜಮಾನ್ರೇ, ನೋವು ಹತ್ತಕ್ಕೆ ಎಷ್ಟು?" ಎಂದಳು. ಪಕ್ಕದಲ್ಲಿ ಅವರ ಅಣ್ಣ, ಅಂದರೆ ನಮ್ಮ ಭಾವ, ದೇವಲಾಪುರದಿಂದ ಎಳನೀರು ಹೊತ್ತು ಬಂದು ಕೂತಿದ್ದರು. ತಾತ ಅಣ್ಣನ ಮುಖ ನೋಡಿ, ಮಂಚದ ಕಂಬಿ ಬಿಗಿಯಾಗಿ ಹಿಡಿದು, "ಒಂದೂವರೆ ಹಾಕ್ಕಳವ್ವ" ಎಂದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ನಮ್ ವಂಸದಲ್ಲಿ ಎರಡು ದಾಟ್ದೋರೇ ಇಲ್ಲ ಕಣವ್ವ. ನಮ್ಮಪ್ಪಂಗೆ ಎತ್ತು ಕೊಂಬಲ್ಲಿ ಆಯ್ದಾಗ್ಲೂ ಎರಡೇ," ಎಂದರು ಭಾವ, ಆಗ ಯಾರೋ ಅಳೆದು ಬರೆದುಕೊಂಡಿದ್ದ ಹಾಗೆ.

ನರ್ಸಮ್ಮನಿಗೆ ನಗುವೂ ಬಂತು, ಸಿಟ್ಟೂ ಬಂತು. "ನೋವು ಮುಚ್ಚಿಟ್ರೆ ಇವ್ರು ಕೆಮ್ಮಲ್ಲ. ಕೆಮ್ಮದಿದ್ರೆ ಎದೇಲಿ ಕಫ ಕಟ್ಟತ್ತೆ. ಆಮೇಲೆ ಉಸಿರಿಗೇ ಕಷ್ಟ," ಎಂದಳು.

ರಾತ್ರಿಯಿಡೀ ಅವರು ಕೆಮ್ಮು ನುಂಗಿದ್ದನ್ನು ಕಂಡವಳು ನಾನೊಬ್ಬಳೇ. ಆದರೆ ಭಾವನ ಎದುರು ಬಾಯಿ ತೆರೆಯುವುದು ಹೇಗೆ? ನಮ್ಮಲ್ಲಿ ಭಾವನಿಗೆ ಏನಾದರೂ ಹೇಳಬೇಕಾದರೆ ನಡುಮನೆಯ ಕಂಬಕ್ಕೆ ಹೇಳುವುದು ರೂಢಿ. ಮೂವತ್ತು ವರ್ಷ ಆ ಕಂಬದ ಜೊತೆ ಮಾತಾಡಿದ್ದೇನೆ, ಅದಕ್ಕೆ ನನ್ನ ಮನಸ್ಸು ಚೆನ್ನಾಗಿ ಗೊತ್ತು. ಆಸ್ಪತ್ರೆಯಲ್ಲಿ ಕಂಬ ಎಲ್ಲಿ ತರುವುದು? ಸೆರಗು ಎಳೆದುಕೊಂಡು ಗ್ಲೂಕೋಸ್ ಬಾಟಲಿಯ ಕಂಬದ ಕಡೆ ತಿರುಗಿದೆ.

"ಒಂಬತ್ತು," ಎಂದೆ. "ರಾತ್ರಿಯೆಲ್ಲಾ ಒಂಬತ್ತೇ ಇತ್ತು."

ನರ್ಸಮ್ಮ ಕಂಬವನ್ನು ಮೇಲಿಂದ ಕೆಳಗೆ ನೋಡಿದಳು. ಭಾವನೂ ಆ ಕಂಬವನ್ನೇ ಕೇಳಿದರು: "ಅಂಗಾ? ಮೊದ್ಲೇ ಯೋಳ್ಬಾರ್ದಾಗಿತ್ತಾ?" ಆಮೇಲೆ ತಮ್ಮನ ಕಡೆ ತಿರುಗಿ, "ಸೂಜಿ ಆಕುಸ್ಕೊಳ್ಳಾ. ಅಪ್ಪಂದೂ ಎರಡಿತ್ತೋ ಎಷ್ಟಿತ್ತೋ, ನಾವೇನ್ ಕಂಡಿದ್ವಾ?" ಎಂದರು.

ಸೂಜಿ ಹಾಕಿ ಅರ್ಧ ಗಂಟೆಯ ಮೇಲೆ ನರ್ಸಮ್ಮ ತಾತನ ಹೊಟ್ಟೆಗೆ ದಿಂಬು ಒತ್ತಿಸಿ ಕೆಮ್ಮಲು ಹೇಳಿದಳು. ತಾತ ಕೆಮ್ಮಿದರು. ವಾರ್ಡೆಲ್ಲಾ ತಿರುಗಿ ನೋಡುವ ಹಾಗೆ ಕೆಮ್ಮಿದರು. ಭಾವ ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡು ಎಳನೀರು ಕೊಚ್ಚಲು ಹೊರಗೆ ಹೋದರು.

ಅವರು ಹೋದ ಮೇಲೆ ತಾತ ಮೆಲ್ಲಗೆ, "ಒಂಬತ್ತು ಜಾಸ್ತಿಯಾಯ್ತು ಕಣಮ್ಮಿ. ಎಂಟೂವರೆ ಇತ್ತು," ಎಂದರು.

ತಾತ ಹೋಗಿ ಮೂರು ವರ್ಷವಾಯಿತು. ಇದನ್ನೆಲ್ಲ ಬಾಯಲ್ಲಿ ಹೇಳಲು ನನಗೆ ಈಗಲೂ ನಾಚಿಕೆ, ಅದಕ್ಕೇ ಬರೆದೆ. ಓದಿ ನಕ್ಕರೂ ಸರಿ, ಈ ಹಾಳೆಗಳನ್ನು ಮಾತ್ರ ಕಳೆಯಬೇಡಿ, ಮಕ್ಕಳೇ.