ರಣಹದ್ದುಗಳ ದಾರಿ ಕಾಯುತ್ತಿದ್ದ ಹಾಲಿನಮ್ಮ

ಮಕ್ತಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಹಾಲು ಮಾರುವ ಅಮ್ಮ ಒಬ್ಬರಿದ್ದರು. ಊರ ಹೊರಗಿನ ಗುಡ್ಡದಲ್ಲಿ ಅರಣ್ಯ ಇಲಾಖೆಯವರು ಸಾಕಿದ ರಣಹದ್ದುಗಳನ್ನು ಬಿಟ್ಟ ವರ್ಷ, ಅವರು ಮಗಳ ಹಳೆಯ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಮಾಳಿಗೆ ಹತ್ತಲು ಶುರುಮಾಡಿದರು. ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತ ನಿಂತರೆ ಹಾಲಿಗೆ ಬಂದವರೂ ಕಾಯಬೇಕು. "ನಿಂದರ್ರಿ, ಬರ್ತಾವ" ಎನ್ನುವುದೊಂದೇ ಮಾತು.

ಹದ್ದುಗಳು ಮಾತ್ರ ಎತ್ತರದಲ್ಲೇ ಸುತ್ತಿ ಗದ್ವಾಲ್ ಕಡೆ ಹೋಗಿಬಿಡುತ್ತಿದ್ದವು. ಫೋಟೊದಲ್ಲಿ ಬರೀ ಕಪ್ಪು ಚುಕ್ಕೆ. ಇಲ್ಲಿ ತಿನ್ನಲು ಸಿಗದಿದ್ದರೆ ಅವು ನೆಲೆ ನಿಲ್ಲುವುದಿಲ್ಲ ಎಂದು ಅರಣ್ಯದ ಗಾರ್ಡ್ ಹೇಳಿದ್ದ.

ಒಂದು ಬೆಳಿಗ್ಗೆ ಅವರ ಮುದಿ ಎಮ್ಮೆ ಸತ್ತಿತು. ಕರುವಾಗಿದ್ದಾಗಿನಿಂದ ಸಾಕಿದ್ದು. ಅದರ ಕುತ್ತಿಗೆ ತಬ್ಬಿ ಅತ್ತರು. ಹೂಳಲು ಗಂಡ ಜೆಸಿಬಿಗೆ ಫೋನ್ ಮಾಡುವಾಗ ಕಣ್ಣೊರೆಸಿಕೊಂಡು ಎದ್ದರು.

"ಹೂಳಬ್ಯಾಡ್ರಿ. ಗುಡ್ಡಕ್ಕ ಒಯ್ಯಾಕ ಟ್ರ್ಯಾಕ್ಟರ್ ತರಸ್ರಿ."

"ನಿನ್ನ ದಿಮಾಕ್ ಖರಾಬ್ ಆಗೈತೇನು?"

"ಮಣ್ಣಾಗ ಹುಳ ತಿನ್ನೂದಕ್ಕಿಂತ ಹದ್ದು ತಿನ್ಲಿ."

ನೋವಿನ ಇಂಜೆಕ್ಷನ್ ಹಾಕಿಸಿದ ದನ ಹದ್ದಿಗೆ ವಿಷವಂತೆ. ಇದಕ್ಕೆ ಅಂಥದ್ದೇನೂ ಹಾಕಿಸಿಲ್ಲವೆಂದು ಖಾತ್ರಿಯಾದ ಮೇಲೆ ಗಾರ್ಡ್ ಒಪ್ಪಿದ.

ಎಮ್ಮೆಯನ್ನು ಗುಡ್ಡಕ್ಕೆ ಸಾಗಿಸಿದ ಮರುದಿನ ಅಮ್ಮನೂ ನಾನೂ ಅಲ್ಲೇ ಬಂಡೆಯ ಮರೆಯಲ್ಲಿ ಕೂತಿದ್ದೆವು. ಬಿಸಿಲೇರಿದಾಗ ಒಂದು ಹದ್ದು ಇಳಿಯಿತು, ಹಿಂದೆಯೇ ಹಿಂಡೆಲ್ಲ ಇಳಿಯಿತು. ಅವರು ಕ್ಯಾಮೆರಾ ಎತ್ತಿದರು. ಆಮೇಲೆ ಚಿತ್ರವನ್ನು ನನಗೆ ತೋರಿಸುತ್ತ, ಎಮ್ಮೆ ಸತ್ತ ಮೇಲೆ ಮೊದಲ ಸಲ ನಕ್ಕರು.

"ಬದುಕಿದ್ದಾಗ ಯಾರನ್ನೂ ಹತ್ರ ಬಿಡತಿದ್ದಿಲ್ಲ, ಎಲ್ಲಾರಿಗೂ ಒದೀತಿತ್ತು. ಇವತ್ತ ನೋಡ್ರಿ, ಎಲ್ಲಾರನೂ ಕರದು ಹೆಂಗ ಪಂಕ್ತಿ ಹಾಕೈತಿ."