ದೀಪ ಶಾಂತ ಆಗ್ಯಾವ್ರಿ

ಶಾಂತ ಅನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ‘ಶಾಂತ ಆಗು ಅಂದಷ್ಟೂ ಈಕೆ ಹಾರಾಡುತ್ತಾಳೆ’ ಎಂದು ಮನೆಯವರು ನಗುತ್ತಾರೆ. ನಗಲಿ. ಅವತ್ತು ಕಂದೀಲು ಹಿಡಿದು ನಿಂತವಳು ನಾನು, ಅವರಲ್ಲ.

ನಮ್ಮೂರು ಕುಂದಗೋಳ ತಾಲೂಕಿನದು, ಯರಗುಪ್ಪಿಯಿಂದ ಒಂದು ತಾಸಿನ ಕಾಲುಹಾದಿ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಊರಿನ ಸರಕಾರಿ ಸಾಲೆಯಲ್ಲಿ ಕಲಿಸುತ್ತಿದ್ದೆ. ಮನೆಯಲ್ಲಿ ಅವ್ವ, ಅಣ್ಣ, ಮತ್ತು ಅಣ್ಣನ ಹೆಂಡತಿ, ಅಂದರೆ ನನ್ನ ವೈನಿ. ವೈನಿ ಕುಬಿಹಾಳದ ಹೆಣ್ಣುಮಗಳು. ಊರವರು ನನ್ನನ್ನು ಮರ್ಯಾದೆಯಿಂದ ಅಕ್ಕೋರು ಅಂದರೆ, ಅವಳು ಅದೇ ಮಾತನ್ನು ಕೀಟಲೆಗೆ ಬಳಸುತ್ತಿದ್ದಳು. ‘ಅಕ್ಕೋರ, ರೊಟ್ಟಿ ಹೊತ್ತಿದ್ರ ಅದಕ್ಕೂ ಮಾರ್ಕ್ಸ್ ಕಡಿಮಿ ಕೊಡ್ತೀರೇನ್ರಿ?’ ಅನ್ನುವಳು.

ನಮ್ಮ ಕಡೆಯ ಮನೆಗಳಲ್ಲಿ ದೀಪವನ್ನು ಯಾರೂ ‘ಆರಿಸು’ ಅನ್ನುವುದಿಲ್ಲ. ಅದು ಕೆಟ್ಟ ಮಾತು. ‘ಶಾಂತ ಮಾಡು’ ಅನ್ನಬೇಕು. ಎಣ್ಣೆ ತೀರಿ ತಾನಾಗಿ ನಂದಿದರೂ ‘ದೀಪ ಶಾಂತ ಆತು’ ಅಂತಲೇ ಹೇಳಬೇಕು. ಬಾಯಿಂದ ಊದಿ ಆರಿಸುವುದಂತೂ ದೂರದ ಮಾತು. ಮುಂದೆ ಊರಿಗೆ ಕರೆಂಟ್ ಬಂದಾಗ ಅವ್ವ ಬಲ್ಬಿಗೂ ಅದೇ ನೇಮ ಹಚ್ಚಿದಳು. ಗುಂಡಿಯತ್ತ ಕೈಮಾಡಿ, ‘ಅದನ್ನಷ್ಟ ಶಾಂತ ಮಾಡವಾ’ ಅನ್ನುತ್ತಿದ್ದಳು.

ಕರೆಂಟ್ ಬಂದದ್ದೇ ಒಂದು ಕಥೆ. ನಮ್ಮದು ಎರೆ ಭೂಮಿ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಇಂಥ ನೆಲದಲ್ಲಿ ಕಂಬ ನಿಲ್ಲಬೇಕಾದರೆ ಅದರ ಬುಡಕ್ಕೆ ಗರಸು, ಅಂದರೆ ಹರಳು ಬೆರೆತ ಗಟ್ಟಿ ಕೆಂಪು ಮಣ್ಣು, ಹಾಕಿ ಜಡಿಯಬೇಕು. ದನದ ಗೂಟ ನೆಡುವವನಿಗೂ ಗೊತ್ತಿರುವ ಸಂಗತಿ ಇದು. ಊರ ಪಡುವಣ ದಿಕ್ಕಿಗೆ ಗರಸಿನ ದಿಬ್ಬವೊಂದಿತ್ತು. ತಲೆತಲಾಂತರದಿಂದ ನಾವು ಮನೆಯ ನೆಲಕ್ಕೆ, ಕಣಕ್ಕೆ ಅಲ್ಲಿಂದಲೇ ಬುಟ್ಟಿಯಲ್ಲಿ ತರುತ್ತಿದ್ದೆವು. ‘ಕಂಬಕ್ಕ ಬೇಕ್ರಿ’ ಅಂತ ಹೇಳಿ ಗುತ್ತೇದಾರ ದಿಬ್ಬ ಅಗೆಯತೊಡಗಿದ. ನಮ್ಮ ಕಂಬಕ್ಕೇ ಅಲ್ಲವೇ ಎಂದು ಊರವರು ಬಂಡಿ ಕೊಟ್ಟು ಸಹಾಯಕ್ಕೂ ನಿಂತರು. ನೋಡನೋಡುತ್ತಿದ್ದಂತೆ ಬಂಡಿಗಳು ಹೋಗಿ ಲಾರಿಗಳು ಬಂದವು. ಗರಸೆಲ್ಲ ಎಲ್ಲಿಯದೋ ರಸ್ತೆಗೆ ಹೋಯಿತು. ನಮ್ಮ ಕಂಬಗಳನ್ನು ಎರೆ ಮಣ್ಣಲ್ಲೇ ಹೂತು ಮೇಲೊಂದು ಬುಟ್ಟಿ ಗರಸು ಉದುರಿಸಿ ಹೋದರು. ಕಣ್ಣಿಗೆ ಮಣ್ಣೆರಚುವುದು ಅಂದರೆ ಏನೆಂದು ನನಗೆ ಅರ್ಥವಾದದ್ದು ಆ ಬುಟ್ಟಿಗಳನ್ನು ನೋಡಿದಾಗ.

ಆದರೂ ಯುಗಾದಿಯ ಹೊತ್ತಿಗೆ ಕರೆಂಟ್ ಬಂತು. ವೈನಿ, ತವರಿನವರು ಕೊಟ್ಟಿದ್ದ ಎಮ್ಮೆಯನ್ನು ಮಾರಿ, ಹುಬ್ಬಳ್ಳಿಯಿಂದ ಒಂದು ಹಳೆಯ ಹಿಟ್ಟಿನ ಗಿರಣಿ ತರಿಸಿದಳು. ಅಣ್ಣನಿಗೆ ಮನಸ್ಸಿರಲಿಲ್ಲ, ಅವ್ವನಿಗೆ ಮೊದಲೇ ಇರಲಿಲ್ಲ. ‘ಗೌಡ್ರ ಮನಿ ಸೊಸಿ ಊರ ಹಿಟ್ಟು ಬೀಸೂದಂದ್ರೇನು!’ ಎಂದು ಅವ್ವ ಎರಡು ದಿನ ಉಣ್ಣಲಿಲ್ಲ. ವೈನಿ ಕೇಳಲಿಲ್ಲ. ಪಡಸಾಲೆಯ ಬಾಜು ಇದ್ದ ಕೊಟ್ಟಿಗೆಯಲ್ಲಿ ಗಿರಣಿ ಕೂತಿತು. ಜೋಳದ ಗಂಟು ಹೊತ್ತು ಯರಗುಪ್ಪಿಗೆ ನಡೆಯುತ್ತಿದ್ದ ಹೆಂಗಸರೆಲ್ಲ ನಮ್ಮ ಮನೆಯ ಮುಂದೆ ಸಾಲು ಹಿಡಿದರು. ಹುಬ್ಬಿಗೂ ಮೂಗಿನ ನತ್ತಿಗೂ ಹಿಟ್ಟು ಮೆತ್ತಿಕೊಂಡು ವೈನಿ ಗಿರಣಿಯ ಸದ್ದಿಗಿಂತ ಜೋರಾಗಿ ಮಾತಾಡುತ್ತಿದ್ದಳು. ಹನ್ನೊಂದು ವರ್ಷ ಇಂಥವರ ಸೊಸೆ, ಇಂಥವರ ಹೆಂಡತಿ ಎಂದಷ್ಟೇ ಕರೆಸಿಕೊಂಡವಳನ್ನು ಊರು ಗಿರಣಿ ಅಕ್ಕ ಅನ್ನತೊಡಗಿತು. ‘ಅಕ್ಕೋರ, ಈಗ ನಾನೂ ಅಕ್ಕನ ಆದ್ನಿ ನೋಡ್ರಿ’ ಎಂದು ನಕ್ಕಿದ್ದಳು.

ಆ ನಗು ಮುಂಗಾರಿನವರೆಗೆ. ಎರಡು ದೊಡ್ಡ ಮಳೆಗೆ ಎರೆ ಉಬ್ಬಿತು, ಕಂಬಗಳು ಕುಡಿದವರ ಹಾಗೆ ವಾಲಿದವು, ತಂತಿಗಳು ಜೋತುಬಿದ್ದವು. ಗಾಳಿಗೆ ಒಂದು ತಂತಿ ಇನ್ನೊಂದಕ್ಕೆ ಬಡಿದು, ಊರಿಗೆ ಕರೆಂಟ್ ಇಳಿಸುವ ಟಿ.ಸಿ. ಡಬ್ಬಿ ಸುಟ್ಟುಹೋಯಿತು. ಲೈನ್‌ಮನ್ ಬಂದು ಅದನ್ನು ಬಿಚ್ಚಿ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋದ. ‘ಎಂಟ ದಿನದಾಗ ಬರ್ತೈತ್ರಿ’ ಅಂದ.

ಎಂಟು ದಿನ ಹೋಗಿ ಎಂಟು ತಿಂಗಳಾದರೂ ಬರಲಿಲ್ಲ. ಅಣ್ಣ ಕರೆಂಟ್ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ. ಅಲ್ಲಿ ಸಿಗುತ್ತಿದ್ದದ್ದು ಒಂದೇ ಉತ್ತರ: ‘ನಿಮ್ಮೂರಿಗೆ ಕರೆಂಟ್ ಕೊಟ್ಟಾಗೇತ್ರಿ, ಪಟ್ಟಿಯೊಳಗೈತಿ. ಇನ್ನೂ ಕೊಡದ ಊರು ಮೊದಲ ಆಗ್ಲಿ.’ ಕಂಬ ನೆಟ್ಟರೆ ಸಾಕು, ಊರು ಬೆಳಗಿದಂತೆ ಲೆಕ್ಕ. ಬಲ್ಬ್ ಉರಿಯುತ್ತಿದೆಯೇ ಎಂದು ಕೇಳಲು ಆ ಪಟ್ಟಿಯಲ್ಲಿ ಅಂಕಣವೇ ಇರಲಿಲ್ಲ.

ಕೊನೆಗೊಮ್ಮೆ, ಹಿಂಗಾರಿ ಜೋಳ ಕಾಳು ಕಟ್ಟುವ ಹೊತ್ತಿನಲ್ಲಿ, ವರ್ಷದ ಪ್ರಗತಿ ಬರೆದುಕೊಳ್ಳಲು ಸಾಹೇಬರೊಬ್ಬರು ಜೀಪಿನಲ್ಲಿ ಬಂದರು. ಬೆಂಗಳೂರು ಕಡೆಯವರು. ನವಲಗುಂದದ ಕಡೆ ರೈತರು ಸಿಟ್ಟಿಗೆದ್ದು ಬಹಳ ದಿನ ಆಗಿರಲಿಲ್ಲ. ಹಾಗಾಗಿ ನಮ್ಮ ಭಾಗಕ್ಕೆ ಬರುವ ಯಾವ ಸಾಹೇಬರೂ ಬೆಳೆ ಹೇಗಿದೆ ಎಂದು ಕೇಳುತ್ತಿರಲಿಲ್ಲ, ಊರು ಶಾಂತವಾಗಿದೆಯೇ ಎಂದು ಕೇಳುತ್ತಿದ್ದರು. ಇವರು ನಮ್ಮ ಮನೆ ಮುಟ್ಟುವಾಗ ಸಂಜೆ, ದೀಪ ಹಚ್ಚುವ ಹೊತ್ತು. ನಾನು ಆಗತಾನೇ ಕಂದೀಲು ಹಚ್ಚಿದ್ದೆ. ಅಣ್ಣ ಹೊಲದಿಂದ ಬಂದಿರಲಿಲ್ಲ.

‘ಏನಮ್ಮ, ದೀಪಗಳೆಲ್ಲ ಹೇಗಿವೆ? ಗಿರಣಿ ಹಾಕಿದ್ದೀರಂತೆ?’ ಎಂದು ಸಾಹೇಬರು ಕೇಳಿದರು.

ಆ ಹೊತ್ತಿನಲ್ಲಿ ವೈನಿಯ ಬಾಯಲ್ಲಿ ಕೆಟ್ಟ ಮಾತು ಹೇಗೆ ಬಂದೀತು? ಸೆರಗು ಸರಿಮಾಡಿಕೊಂಡು, ‘ದೀಪ ಶಾಂತ ಆಗ್ಯಾವ್ರಿ ಸಾಹೇಬ್ರ. ಗಿರಣಿನೂ ಶಾಂತ ಆಗೇತ್ರಿ. ಅಗದಿ ಎಲ್ಲಾ ಶಾಂತ’ ಅಂದಳು. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು.

‘ಬಹಳ ಸಂತೋಷ’ ಎಂದು ಸಾಹೇಬರು ಬರೆದುಕೊಂಡರು. ಕತ್ತಲಾಗಿತ್ತು, ಅಕ್ಷರ ಕಾಣುತ್ತಿರಲಿಲ್ಲ. ‘ಟೀಚರ್, ಸ್ವಲ್ಪ ಬೆಳಕು ಹಿಡೀತೀರಾ?’ ಅಂದರು. ನಾನು ಕಂದೀಲು ಎತ್ತಿ ಹಿಡಿದೆ. ಕರೆಂಟ್ ಚೆನ್ನಾಗಿದೆ ಎಂದು ಆ ಮನುಷ್ಯ ಬರೆದದ್ದು ಸೀಮೆಎಣ್ಣೆಯ ಬೆಳಕಿನಲ್ಲಿ! ‘ಬಹಳ ಸಂತೋಷ’ ಅಂದಾಗ ನನಗೆ ಎಲ್ಲೋ ಚುಚ್ಚಿತ್ತು. ಆದರೆ ಸಾಹೇಬರು ಟೀಚರ್ ಅಂದದ್ದಕ್ಕೆ ಉಬ್ಬಿಹೋಗಿದ್ದೆ, ಎದುರು ಮಾತಾಡಲು ನಾಲಿಗೆ ಹೊರಳಲಿಲ್ಲ. ಈ ಸಿಟ್ಟಿನಲ್ಲಿ ನನ್ನ ಪಾಲು ನನಗೇ ಸಲ್ಲಬೇಕು.

ಆಗಸ್ಟ್ ಹದಿನೈದಕ್ಕೆ ಸಾಲೆಗೆ ಒಂದು ಪುಸ್ತಕ ಬಂತು. ನಮ್ಮ ಭಾಗದಲ್ಲಿ ಸರಕಾರ ವರ್ಷವಿಡೀ ಏನು ಮಾಡಿತು ಎಂದು ಹೇಳುವ, ನುಣುಪು ಹಾಳೆಯ ಪುಸ್ತಕ. ಝಂಡಾ ಏರಿಸಿದ ಮೇಲೆ ಊರವರ ಮುಂದೆ ಅದನ್ನು ಓದಬೇಕೆಂದು ಹೆಡ್‌ಮಾಸ್ತರರು ನನ್ನ ಕೈಗೆ ಕೊಟ್ಟರು. ಇಂಧನ ಮತ್ತು ಗಣಿ ಎಂಬ ಭಾಗದಲ್ಲಿ ನಮ್ಮೂರಿನ ಹೆಸರು ಕಂಡು, ಮುಂದೇನಿದೆ ಎಂದು ನೋಡದೆ, ದನಿ ಏರಿಸಿ ಓದತೊಡಗಿದೆ. ಮೊದಲು ನಮ್ಮ ದಿಬ್ಬ ಬಂತು. ಅದು ‘ಸ್ಥಳೀಯ ಖನಿಜ ಸಂಪತ್ತಿನ ಸದ್ಬಳಕೆ’ಯಂತೆ. ಅದರ ಕೆಳಗೆ: ‘ಗ್ರಾಮದಲ್ಲಿ ದೀಪಗಳ ವ್ಯವಸ್ಥೆ ಶಾಂತ ರೀತಿಯಿಂದ ನಡೆದಿದೆ. ಮಹಿಳೆಯೊಬ್ಬರ ಹಿಟ್ಟಿನ ಗಿರಣಿಯೂ ಶಾಂತವಾಗಿ ಸಾಗಿದೆ.’

ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ವೈನಿ ನಗಲಿಲ್ಲ. ತನ್ನ ಮಾತು ತನಗೇ ಮುಳ್ಳಾದದ್ದನ್ನು ಕೇಳಿಸಿಕೊಂಡು, ಮಕ್ಕಳಿಗೆ ಹಂಚುವ ಚುರಮುರಿಯ ಬುಟ್ಟಿಯನ್ನು ನೆಲಕ್ಕಿಟ್ಟು ಮನೆಗೆ ನಡೆದಳು. ಸಂಜೆ ಒಂದೇ ಮಾತು ಕೇಳಿದಳು: ‘ಅಕ್ಕೋರ, ಅಂವಗ ತಿಳೀಲಿಲ್ಲ. ನಿಮಗ ತಿಳಿದಿತ್ತಲ್ಲ?’

ಅಷ್ಟರಲ್ಲಿ ಅಣ್ಣಿಗೇರಿಯವರೊಬ್ಬರು ಗಿರಣಿ ಕೇಳಿಕೊಂಡು ಬಂದಿದ್ದರು. ‘ಯುಗಾದಿಯೊಳಗ ಕರೆಂಟ್ ಬರದಿದ್ರ ಕೊಟ್ಟಬಿಡೂಣು’ ಎಂದು ಅಣ್ಣ ಕಡ್ಡಿ ಮುರಿದಂತೆ ಹೇಳಿದ. ವೈನಿ ದಿನಾಲೂ ಗಿರಣಿಯ ಪಟ್ಟಾ ಒರೆಸುತ್ತಿದ್ದಳು, ಬೀಸುವ ಕಲ್ಲಿನ ಸುತ್ತ ಕಸ ಹೊಡೆಯುತ್ತಿದ್ದಳು. ಮಾತು ಮಾತ್ರ ಕಡಿಮೆಯಾಗಿತ್ತು.

ಮತ್ತೆ ಜೋಳ ಕಾಳು ಕಟ್ಟಿತು, ಮತ್ತೆ ಜೀಪು ಬಂತು. ಅವರೇ ಸಾಹೇಬರು, ಅದೇ ಹೊತ್ತು, ನನ್ನ ಕೈಯಲ್ಲಿ ಅದೇ ಕಂದೀಲು. ‘ಈ ವರ್ಷವೂ ಎಲ್ಲ ಶಾಂತ ತಾನೇ ಅಮ್ಮ?’ ಎಂದು ನಗುತ್ತಲೇ ಕೇಳಿದರು.

‘ದೀಪ ಸತ್ತಾವ್ರಿ’ ಅಂದಳು ವೈನಿ. ‘ಸತ್ತು ಎರಡನೇ ವರ್ಷ ನಡದೈತಿ. ಗಿರಣಿ ಸತ್ತೈತಿ. ಬರ್ಕೋರಿ.’

ಒಳಗಿಂದ ಅವ್ವ ಓಡಿಬಂದಳು. ‘ದೀಪ ಹಚ್ಚೂ ಹೊತ್ತಿನ್ಯಾಗ ಎಂಥಾ ಮಾತು ಆಡ್ತೀ ಬೇ! ಬಾಯಿ ಬಿಗಿಹಿಡಿ!’

‘ಒಳ್ಳೆ ಮಾತು ಆಡಿ ನೋಡಿದ್ನಲ್ಲಾ ಅತ್ತಿ. ಛಾಪಿಸಿ ಕೊಟ್ರು.’

ಸಾಹೇಬರು ಗಲಿಬಿಲಿಗೊಂಡು ನನ್ನತ್ತ ತಿರುಗಿದರು. ಈ ಸಲ ನಾನು ಬಾಯಿ ಬಿಟ್ಟೆ. ಗರಸಿನಿಂದ ಟಿ.ಸಿ.ವರೆಗೆ, ಶಾಂತ ಅಂದರೆ ನಮ್ಮಲ್ಲಿ ಏನು ಅನ್ನುವವರೆಗೆ, ಒಂದೂ ಬಿಡದೆ ಹೇಳಿದೆ. ಅವರು ಕೇಳಿಸಿಕೊಂಡರು, ಪಾಪ, ಮುಖವೂ ಸಣ್ಣದಾಯಿತು. ಆಮೇಲೆ ಪೆನ್ನು ತೆಗೆದು, ‘ಸತ್ತಿವೆ ಅಂತ ವರದಿಯಲ್ಲಿ ಹಾಕೋಕಾಗಲ್ಲ ಟೀಚರ್. ಹೋದ ವರ್ಷ ಚೆನ್ನಾಗಿದೆ ಅಂತ ಹೋಗಿಬಿಟ್ಟಿದೆ. ಸದ್ಯ ಹಾಗೇ ಇರಲಿ. ಸ್ವಲ್ಪ ಬೆಳಕು...’ ಅಂದರು.

ನಾನು ಕಂದೀಲಿನ ಗಾಜು ಎತ್ತಿದೆ. ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದೆ. ಬಾಯಿಂದ ಊದಿದೆ.

ಪಡಸಾಲೆ ಕತ್ತಲಾಯಿತು. ಅವ್ವ ‘ಶಿವಶಿವಾ’ ಅಂದಳು. ಸಾಹೇಬರು ಟಕ್ಕನೆ ಪೆನ್ನು ಮುಚ್ಚಿದರು.

‘ಶಾಂತ ಮಾಡಿದ್ರೇನ್ರಿ ಅಕ್ಕೋರ?’ ವೈನಿಯ ದನಿ ಕೇಳಿತು.

‘ಇಲ್ಲ ವೈನಿ. ಆರಿಸಿದ್ನಿ.’

ಟಿ.ಸಿ. ಬಂತು, ದಸರೆಯ ಹೊತ್ತಿಗೆ. ಅದರ ಮುಂದಿನ ಪುಸ್ತಕದಲ್ಲಿ ನಮ್ಮೂರು ‘ಹೊಸದಾಗಿ ಬೆಳಗಿದ ಗ್ರಾಮ’ಗಳ ಸಾಲಿನಲ್ಲಿತ್ತು, ಎರಡನೆಯ ಸಲ. ಗಿರಣಿ ಯುಗಾದಿಗೇ ಅಣ್ಣಿಗೇರಿಗೆ ಹೋಗಿತ್ತು. ಹೊಸದಾಗಿ ಬೆಳಗಿದ ಊರಿನ ಹೆಂಗಸರು ಜೋಳದ ಗಂಟು ಹೊತ್ತು ಯರಗುಪ್ಪಿಗೆ ನಡೆಯುತ್ತಿದ್ದರು. ಅವರ ನಡುವೆ ನನ್ನ ವೈನಿಯೂ ಇದ್ದಳು.